ಬೆಳಗಿನ ಅರ್ಧ ತಾಸು ಯಾರ ಲೆಕ್ಕಕ್ಕ?

ಕಲಘಟಗಿ ತಾಲೂಕಿನ ತಂಬೂರ ಅಂದರೆ ಬಸವಣ್ಣನ ಗುಡಿ, ಕೆರೆ. ಬಸವಣ್ಣ ಅಂದರೆ ಎತ್ತು. ಎತ್ತು ಸಾಕಿದ ಒಕ್ಕಲಿಗನಿಗೆ ಯಾರೂ ಪಾಠ ಹೇಳಬೇಕಾಗಿರಲಿಲ್ಲ. ನಸುಕಿನಲ್ಲಿ ಎದ್ದು ಮೈ ತಿಕ್ಕುತ್ತಿದ್ದ, ಗೊರಸು ನೋಡುತ್ತಿದ್ದ, ಲಾಳ ಸಡಿಲಾಗಿದ್ದರೆ ಬಿಗಿ ಮಾಡಿಸುತ್ತಿದ್ದ, ಬಂಡಿಯ ಅಚ್ಚಿಗೆ ಕೀಲೆಣ್ಣೆ ಹಾಕಿ ಆಮೇಲೆ ನೊಗ ಹೊರಿಸುತ್ತಿದ್ದ. ಈಗ ಎತ್ತಿನ ಜಾಗಕ್ಕೆ ಮಣ್ಣು ತೋಡುವ ಯಂತ್ರ ಬಂದಿದೆ. ಕೆರೆಯ ಹೂಳು, ಕೃಷಿಹೊಂಡ, ಹೊಲದ ಬದು, ನಳದ ಪೈಪು, ಮನೆಯ ಪಾಯ ಎಲ್ಲಕ್ಕೂ ಅದೇ ಬೇಕು. ಆದರೆ ಕೀಲೆಣ್ಣೆ ಹಾಕುವ ಬೆಳಗಿನ ರೂಢಿ ಮಾತ್ರ ಎತ್ತಿನ ಜೋಡಿಯೇ ಹೋಗಿಬಿಟ್ಟಿದೆ.

ಗಾಲಿ ಇದ್ದದ್ದು ಜೆಸಿಬಿ, ಚೈನಿನ ಮೇಲೆ ಹೋಗೋದು ಹಿಟಾಚಿ, ಕಂಪನಿ ಯಾವುದೇ ಇರಲಿ. ನಮ್ಮ ಜನ ಇಟ್ಟ ಹೆಸರು ಇವು. ಹೆಸರು ಜಪಾನಿನದಾದರೂ ಹಿಟಾಚಿ ನಮಗೆ ಹೊರಗಿನದಲ್ಲ. ಟಾಟಾ ಹಿಟಾಚಿಯ ಕಾರ್ಖಾನೆ ನಮ್ಮ ಧಾರವಾಡದಲ್ಲೇ ಇದೆ. ಯಂತ್ರ ಹುಟ್ಟುವ ಜಿಲ್ಲೆಯಲ್ಲೇ ಅದಕ್ಕೆ ಆರೈಕೆ ಇಲ್ಲ ಅಂದರೆ ನಾಚಿಕೆಗೇಡು.

"ಅಂಗಡಿಕಾರರಿಗೆ, ಬಸ್ಸಿಗೆ ಹೋಗುವವರಿಗೆ ಇದರಿಂದ ಏನ್ರಿ ಆಗಬೇಕು?" ಎಂದು ಕೇಳಬಹುದು. ಆಗಬೇಕಾದ್ದು ಬಹಳ ಐತಿ. ನಿಮ್ಮ ಅಂಗಡಿ ಮುಂದೆ ಗಟಾರ ತೋಡುತ್ತಾ ಯಂತ್ರ ಕೆಟ್ಟು ನಿಂತರೆ ತೆರೆದ ಗುಂಡಿ ಎಷ್ಟು ದಿನ ಇರುತ್ತದೆ? ಗಿರಾಕಿ ಯಾವ ಕಡೆಯಿಂದ ಒಳಗೆ ಬರಬೇಕು? ರಸ್ತೆಯ ಮೇಲೆ ಅಡ್ಡ ನಿಂತರೆ ಬಸ್ಸು ಎಲ್ಲಿಂದ ಹೋಗಬೇಕು? ಇನ್ನು ಯಂತ್ರದ ಕೈ ತಿರುಗುವ ಜಾಗದಲ್ಲಿ ಹುಡುಗರು ನಿಂತು ನೋಡುತ್ತಿರುವಾಗ ಪೈಪು ಒಡೆದರೆ, ಸವೆದ ಪಿನ್ನು ಕಳಚಿದರೆ ಏನು ಗತಿ?

ಬಸ್ಸಿಗಾದರೆ ಡಿಪೋ ಇದೆ. ರಾತ್ರಿ ಒಳಗೆ ಹೋದರೆ ನೋಡುವವರು, ಬರೆದಿಡುವವರು ಇದ್ದಾರೆ. ಹಿಟಾಚಿಗೆ ಯಾವ ಡಿಪೋ? ಸಂಜೆ ಎಲ್ಲಿ ಕೆಲಸ ಮುಗಿಯಿತೋ ಅಲ್ಲೇ, ಹೊಲದ ಬದುವಿಗೆ, ಕೆರೆ ಏರಿಗೆ ನಿಲ್ಲುತ್ತದೆ. ಅದರ ಡಿಪೋ ಅಂದರೆ ಆಪರೇಟರನೊಬ್ಬನೇ. ಅವನ ಕೈಯಲ್ಲಿ ಬೆಳಗಿನ ಅರ್ಧ ತಾಸು ಇದ್ದರೆ ಯಂತ್ರ ಉಳಿಯುತ್ತದೆ, ಇಲ್ಲದಿದ್ದರೆ ಇಲ್ಲ.

ಆ ಅರ್ಧ ತಾಸಿನಲ್ಲಿ ಮಾಡುವುದಾದರೂ ಏನು? ದೊಡ್ಡ ವಿದ್ಯೆಯೇನಲ್ಲ. ಎಂಜಿನ್ ತಣ್ಣಗಿರುವಾಗಲೇ ಕಡ್ಡಿ ಎಳೆದು ಆಯಿಲ್ ನೋಡಬೇಕು, ರೇಡಿಯೇಟರ್ ನೀರು ನೋಡಬೇಕು. ಯಂತ್ರವನ್ನು ಸಮ ನೆಲದ ಮೇಲೆ ನಿಲ್ಲಿಸಿ, ಬಕೆಟ್ ನೆಲಕ್ಕೆ ಇಟ್ಟು ಹೈಡ್ರಾಲಿಕ್ ಎಣ್ಣೆಯ ಮಟ್ಟ ನೋಡಬೇಕು. ಡೀಸೆಲ್ ಫಿಲ್ಟರಿನ ಕೆಳಗೆ ಕೂತ ನೀರನ್ನು ಬಿಟ್ಟುಬಿಡಬೇಕು. ಬೂಮು, ಕೈ, ಬಕೆಟ್ಟಿನ ಪಿನ್ನುಗಳಿಗೆ ಗ್ರೀಸು ಹೊಡೆಯಬೇಕು. ಕೆರೆಯ ನೀರಿನಲ್ಲಿ ದುಡಿದಿದ್ದರೆ ಕೆಲಸ ಮುಗಿದ ಮೇಲೆ ಮತ್ತೊಮ್ಮೆ. ಬಕೆಟ್ಟಿನ ಹಲ್ಲು ಅಲುಗುತ್ತದೆಯೋ, ಚೈನಿನ ಬೋಲ್ಟು ಸಡಿಲಾಗಿದೆಯೋ, ಹಾರ್ನು ಕೂಗುತ್ತದೆಯೋ ನೋಡಬೇಕು. ಸುತ್ತ ಒಮ್ಮೆ ಅಡ್ಡಾಡಿ ಯಂತ್ರದ ಕೆಳಗೆ ಯಾರಾದರೂ, ನಾಯಿ ಕುನ್ನಿಯಾದರೂ ಮಲಗಿದೆಯೋ ಎಂದು ಬಗ್ಗಿ ನೋಡಿ ಚಾವಿ ತಿರುವಬೇಕು. ಚಾಲೂ ಮಾಡಿದ ಕೂಡಲೇ ಮಣ್ಣಿಗೆ ಬೀಳದೆ ಐದು ನಿಮಿಷ ಬಿಸಿಯಾಗಲು ಬಿಡಬೇಕು.

ನಮ್ಮ ಮಣ್ಣಿನದೂ ಒಂದು ಗುಣ ಐತಿ. ನವಲಗುಂದ, ಅಣ್ಣಿಗೇರಿ ಕಡೆಯ ಎರೆ ಮಣ್ಣು ಚೈನಿನೊಳಗೆ ಮೆತ್ತಿಕೊಂಡು ರಾತ್ರಿ ಒಣಗಿದರೆ ಮುಂಜಾನೆ ಕಲ್ಲಾಗಿರುತ್ತದೆ. ಅದನ್ನು ಸಂಜೆಯೇ ಕೆರೆದು ತೆಗೆಯಬೇಕು. ಗರಸಿನ ನೆಲದಲ್ಲಿ ಧೂಳು ಏರ್ ಫಿಲ್ಟರ್ ಕಟ್ಟಿಹಾಕುತ್ತದೆ. ಎಂಜಿನ್ ಉಸಿರುಗಟ್ಟಿ ಕಪ್ಪು ಹೊಗೆ ಉಗುಳುತ್ತದೆ, ಡೀಸೆಲ್ ಜಾಸ್ತಿ ಕುಡಿಯುತ್ತದೆ.

ಒಂದು ಮಾತನ್ನು ಹೆಲ್ಪರ್ ಹುಡುಗರು ಕಿವಿಗೊಟ್ಟು ಕೇಳಬೇಕು. ಹೈಡ್ರಾಲಿಕ್ ಪೈಪಿನೊಳಗಿನ ಒತ್ತಡ 300 ಬಾರ್ ದಾಟುತ್ತದೆ. ಬಸ್ಸಿನ ಗಾಲಿಯೊಳಗಿನ ಗಾಳಿ ಸುಮಾರು 8 ಬಾರ್ ಅಷ್ಟೇ. ಸೂಜಿಮೊನೆಯಷ್ಟು ತೂತಿನಿಂದ ಹಾರುವ ಎಣ್ಣೆ ಚರ್ಮ ಸೀಳಿ ಒಳಗೆ ಹೋಗುತ್ತದೆ. ಹೊರಗೆ ಮುಳ್ಳು ಚುಚ್ಚಿದಂತೆ ಕಾಣುತ್ತದೆ, ಒಳಗೆ ಕೈಯೇ ಕೊಳೆಯುತ್ತದೆ. ಸೋರಿಕೆ ಎಲ್ಲಿದೆ ಎಂದು ಬರಿಗೈಯಿಂದ ಮುಟ್ಟಿ ನೋಡಲೇಬಾರದು, ರಟ್ಟು ಹಿಡಿದು ನೋಡಬೇಕು. ಚುಚ್ಚಿದರೆ ಅರಿಶಿಣ ಹಚ್ಚುತ್ತಾ ಕೂಡದೆ ಅದೇ ಗಳಿಗೆಗೆ ದೊಡ್ಡ ಆಸ್ಪತ್ರೆಗೆ ಓಡಬೇಕು.

ಇಷ್ಟೆಲ್ಲ ಗೊತ್ತಿದ್ದೂ ಯಾಕೆ ಮಾಡುವುದಿಲ್ಲ? ಆಪರೇಟರನನ್ನು ಬೈದರೆ ಮುಗಿಯಲಿಲ್ಲ. ಬಾಡಿಗೆ ಲೆಕ್ಕ ತಾಸಿನದು. ಬಕೆಟ್ ಮಣ್ಣಿಗೆ ತಾಗಿದಾಗಿಂದ ಮೀಟರು. "ಗ್ರೀಸು ಹೊಡಿಯೋ ಹೊತ್ತಿಗೆ ನಾವ್ಯಾಕ ರೊಕ್ಕ ಕೊಡಬೇಕು?" ಅಂತಾನೆ ಬಾಡಿಗೆ ಹಿಡಿದವ. "ಬ್ಯಾಂಕಿನ ಕಂತು ಯಾರ ಕಟ್ಟತಾರ್ರಿ?" ಅಂತಾನೆ ಮಾಲಕ. ನಡುವೆ ಸಿಕ್ಕವ ರಾತ್ರಿಯೆಲ್ಲ ದುಡಿದು, ಮುಂಜಾನೆ ಕಣ್ಣುಜ್ಜುತ್ತಾ ಸೀದಾ ಚಾವಿ ತಿರುವುತ್ತಾನೆ. ಖಂಡೆ ಪೂಜೆ ದಿನ ಮಾತ್ರ ಅದೇ ಯಂತ್ರಕ್ಕೆ ಮಾರುದ್ದ ಹೂವಿನ ಮಾಲೆ, ಕುಂಬಳಕಾಯಿ, ಲಿಂಬೆಹಣ್ಣು! ವರ್ಷಕ್ಕೊಮ್ಮೆ ಕುಂಬಳಕಾಯಿ ಒಡೆದರೆ ದಿನಾ ಗ್ರೀಸು ಹೊಡೆದಂತೆ ಆಗುತ್ತದೇನು?

ಲೆಕ್ಕವನ್ನೇ ನೋಡೋಣ. ದಿನಕ್ಕೆ 10 ತಾಸು ಓಡಿದರೆ 25 ದಿನಕ್ಕೆ 250 ತಾಸು. ಕೆಲವು ಯಂತ್ರಕ್ಕೆ 250, ಕೆಲವಕ್ಕೆ 500 ತಾಸಿಗೆ ಎಂಜಿನ್ ಆಯಿಲ್ ಬದಲಿಸಬೇಕೆಂದು ಕಂಪನಿಯ ಪುಸ್ತಕವೇ ಹೇಳುತ್ತದೆ. ದಿನದ ತಾಸು ಬರೆದಿಡದವನಿಗೆ ಆ ದಿನ ಬಂದದ್ದು ಹೇಗೆ ತಿಳಿಯಬೇಕು? ಗ್ರೀಸು ಉಳಿಸಿದವ ಪಿನ್ನು, ಬುಷ್ಶು ಕೊಳ್ಳುತ್ತಾನೆ. ಎಣ್ಣೆ ಉಳಿಸಿದವ ಪಂಪು ಕೊಳ್ಳುತ್ತಾನೆ. ಆ ಖರ್ಚು ಕೊನೆಗೆ ತಾಸಿನ ದರಕ್ಕೇ ಏರಿ ರೈತನ ತಲೆಯ ಮೇಲೆ ಕೂಡುತ್ತದೆ.

2019ರ ಮಾರ್ಚ್ 19ರಂದು ಧಾರವಾಡದ ಕುಮಾರೇಶ್ವರ ನಗರದಲ್ಲಿ ಕಟ್ಟಡ ಕುಸಿದು 19 ಜನ ಸತ್ತರು. 2024ರ ಜುಲೈ 16ರಂದು ಅಂಕೋಲಾ ಹತ್ತಿರದ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ ಮುಚ್ಚಿತು. ಎರಡೂ ಕಡೆ ಮಣ್ಣು, ಕಲ್ಲು ಸರಿಸಲು ಇಂಥ ಯಂತ್ರಗಳೇ ಬೇಕಾದವು. ಅಂಥ ಗಳಿಗೆ ಹೇಳಿ ಬರುವುದಿಲ್ಲ. ಮಣ್ಣಿನಡಿ ಮನುಷ್ಯ ಇದ್ದಾಗ ಯಂತ್ರದ ಪೈಪು ಒಡೆದರೆ ಯಾರನ್ನು ಕೇಳೋಣ? ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರೆ ಏನು ಬಂತು?

ನಮ್ಮ ಬೇಡಿಕೆ ದೊಡ್ಡದಲ್ಲ. ಪಂಚಾಯ್ತಿಯಾಗಲಿ ಇಲಾಖೆಯಾಗಲಿ ಕೆಲಸ ಕೊಡುವಾಗ ಬೆಳಗಿನ ಅರ್ಧ ತಾಸನ್ನು ಕೂಲಿಯ ಲೆಕ್ಕಕ್ಕೆ ಹಿಡಿಯಬೇಕು. ಪ್ರತಿ ಯಂತ್ರದಲ್ಲಿ ಒಂದು ನೋಟ್‌ಬುಕ್ ಇರಬೇಕು. ತಾಸು, ಆಯಿಲ್, ಗ್ರೀಸು, ಸೋರಿಕೆ ದಿನವೂ ಬರೆದು ಸಹಿ ಮಾಡಬೇಕು. ಎಣ್ಣೆ ಸೋರುವ ಯಂತ್ರವನ್ನು ಕೆರೆಯೊಳಗೆ ಇಳಿಸಬಾರದು. ಆ ನೀರು ದನಕರು ಕುಡಿಯುತ್ತವೆ. ಬಾಡಿಗೆ ಹಿಡಿಯುವ ರೈತರೂ ಮೊದಲು ನೋಟ್‌ಬುಕ್ ಕೇಳಲಿ, ಆಮೇಲೆ ದರ ಕೇಳಲಿ. ಅಂಗಡಿಯವ ದಿನಾ ಮುಂಜಾನೆ ತಕ್ಕಡಿ ಒರೆಸಿ ವ್ಯಾಪಾರಕ್ಕೆ ಕೂಡುತ್ತಾನೆ. ಆ ಹೊತ್ತಿಗೆ ಯಾರೂ ದಂಡ ಅನ್ನುವುದಿಲ್ಲ.

ಬೇಸಿಗೆಯಲ್ಲಿ ಕೆರೆಯ ಹೂಳೆತ್ತುವ ಕೆಲಸ ಶುರುವಾಗುವ ಮೊದಲೇ ಸಂಬಂಧಪಟ್ಟವರು ಇದನ್ನು ಕಾಗದದ ಮೇಲೆ ತರುವರೇ?