ಗರಡಿಯ ಮಣ್ಣು ಯಾರದು?

ಐವರ್ನಾಡಿನವರಿಗೆ ಎಣ್ಮೂರು ಪರಸ್ಥಳವಲ್ಲ. ಬೆಳ್ಳಾರೆ, ಪಂಜ, ಎಣ್ಮೂರು ಇವೆಲ್ಲ ಒಂದೇ ಸೀಮೆಯ ಊರುಗಳು. ತೋಟ, ಗದ್ದೆ, ಕಾಡುಗಳ ನಡುವೆ ನಮ್ಮ ಹಿರಿಯರು ನಡೆದೇ ಹೋಗಿ ಬರುತ್ತಿದ್ದ ಊರುಗಳು. ಆ ಎಣ್ಮೂರಿನಲ್ಲಿ ಕೋಟಿ-ಚೆನ್ನಯರ ಗರಡಿಯಿದೆ. ಅಲ್ಲಿ ದೀಪ ಹಚ್ಚುತ್ತಾರೆ, ನೇಮ ನಡೆಸುತ್ತಾರೆ, ಪಾಡ್ದನ ಹೇಳುತ್ತಾರೆ, ಜನ ಕೈ ಮುಗಿಯುತ್ತಾರೆ. ನಾವೂ ಕೈ ಮುಗಿದವರೇ. ಆದರೆ ಕೈ ಮುಗಿದು ಹೊರಗೆ ಬಂದ ಮೇಲೆ ಒಂದು ಮಾತು ಕೇಳದೆ ವಿಧಿಯಿಲ್ಲ. ಗರಡಿಯೆಂದರೆ ಸಾಮು ಮಾಡುವ ಮನೆಯಲ್ಲವೆ? ಮೈಸೂರಿನಲ್ಲಿ, ದಾವಣಗೆರೆಯಲ್ಲಿ, ಬೆಳಗಾವಿಯಲ್ಲಿ ಗರಡಿಮನೆ ಎಂದರೆ ಬೆವರು, ಕೆಮ್ಮಣ್ಣು, ಕಲ್ಲುಗುಂಡು. ನಮ್ಮ ತುಳು ಸೀಮೆಯಲ್ಲಿ ಅದು ಗುಡಿಯಾಯಿತು. ಗುಡಿಯಾಗಿದ್ದು ತಪ್ಪೆಂದು ನಾವು ಹೇಳುವುದಿಲ್ಲ. ಗುಡಿ ಉಳಿದು ಸಾಮು ಹೋಯಿತಲ್ಲ, ಅದನ್ನು ಹೇಳುತ್ತಿದ್ದೇವೆ.

ಕೋಟಿ-ಚೆನ್ನಯರು ಯಾರು? ಪಡುಮಲೆಯ ಬಲ್ಲಾಳನ ಗಾಯಕ್ಕೆ ಮದ್ದು ಮಾಡಿ ಜೀವ ಉಳಿಸಿದ ದೇಯಿ ಬೈದೆತಿಯ ಮಕ್ಕಳು. ತಾಯಿಯನ್ನು ಎಳವೆಯಲ್ಲೇ ಕಳೆದುಕೊಂಡು ಸಾಯನ ಬೈದ್ಯನ ಆಶ್ರಯದಲ್ಲಿ ಬೆಳೆದವರು. ಅವರ ಜಗಳ ಯಾವುದಕ್ಕೆ ಹುಟ್ಟಿತು? ಕಿರೀಟಕ್ಕಲ್ಲ, ಸಿಂಹಾಸನಕ್ಕಲ್ಲ. ಗದ್ದೆಗೆ, ಬೇಸಾಯಕ್ಕೆ, ಕೊಟ್ಟ ಮಾತಿಗೆ. ಬಲ್ಲಾಳನ ಮಂತ್ರಿ ಬುದ್ಯಂತ ಅವರನ್ನು ಕೀಳಾಗಿ ಕಂಡ. ಅವರು ತಲೆ ಬಾಗಲಿಲ್ಲ. ಪಡುಮಲೆ ಬಿಟ್ಟರು, ಪಂಜದಲ್ಲಿ ಸೆರೆಯಾದರು, ಎಣ್ಮೂರಿನ ದೇವ ಬಲ್ಲಾಳನ ಆಶ್ರಯಕ್ಕೆ ಬಂದರು, ಅಲ್ಲಿನ ಕಾಳಗದಲ್ಲಿ ಮಡಿದರು. ದುಡಿಯುವವನ ಮಗ ಮೈ ಹುರಿಗೊಳಿಸಿದರೆ ಧಣಿಗೆ ಏಕೆ ಭಯವಾಗುತ್ತದೆ ಎಂಬುದನ್ನು ತಿಳಿಯಬೇಕಾದರೆ ಈ ಕಥೆ ಸಾಕು. ಬದುಕಿದ್ದಾಗ ಗದ್ದೆ ಕೊಡದವರು ಸತ್ತ ಮೇಲೆ ಗುಡಿ ಕೊಟ್ಟರೆ ಲೆಕ್ಕ ಚುಕ್ತವಾಯಿತೆ?

ಕುಸ್ತಿ ಅರಸರ ವಿದ್ಯೆ, ಅವರ ಕೃಪೆಯಿಂದ ಬದುಕಿದ ವಿದ್ಯೆ ಎಂದು ನಮಗೆ ಶಾಲೆಯಲ್ಲಿ ಹೇಳಿಕೊಡುತ್ತಾರೆ. ಇದು ಅರ್ಧ ಸತ್ಯ. ಮಹಾಭಾರತವನ್ನೇ ನೋಡಿ. ವಿರಾಟನ ಊರಿನ ಉತ್ಸವದಲ್ಲಿ ಜೀಮೂತನೆಂಬ ಜಟ್ಟಿ ತೊಡೆ ತಟ್ಟಿ ನಿಂತಾಗ, ಎದುರು ನಿಲ್ಲಲು ಆಸ್ಥಾನದ ಮಲ್ಲರೊಬ್ಬರೂ ಮುಂದೆ ಬರಲಿಲ್ಲ. ಅರಸ ಕರೆಸಿದ್ದು ಅಡುಗೆಮನೆಯ ಆಳನ್ನು. ಅವನು ವೇಷ ಮರೆಸಿಕೊಂಡ ಭೀಮನೆಂಬುದು ನಮಗೆ ಗೊತ್ತು. ಆ ಸಭೆಗೆ ಗೊತ್ತಿರಲಿಲ್ಲ. ಸಭೆ ಕಂಡದ್ದು, ಸೌಟು ಹಿಡಿಯುವ ಕೈ ಮಲ್ಲನನ್ನು ಎತ್ತಿ ಕೆಡವಿದ್ದನ್ನು. ಮನರಂಜನೆ ಅರಸನದು, ಮೈ ಮಾತ್ರ ಆಳಿನದು. ಇಂದಿಗೂ ವ್ಯವಹಾರ ಬಹಳ ಬದಲಾಗಿಲ್ಲ.

ಆದರೆ ಅರಸರಿಗೆ ಸಲ್ಲಬೇಕಾದ್ದನ್ನು ಸಲ್ಲಿಸೋಣ. ಕಲ್ಯಾಣದ ಚಾಲುಕ್ಯ ಅರಸು ಮೂರನೆಯ ಸೋಮೇಶ್ವರ 12ನೆಯ ಶತಮಾನದಲ್ಲಿ ಮಾನಸೋಲ್ಲಾಸವೆಂಬ ದೊಡ್ಡ ಗ್ರಂಥ ಬರೆಸಿದ. ಅದರಲ್ಲಿ ಮಲ್ಲವಿನೋದಕ್ಕೆ ಒಂದು ಭಾಗವೇ ಇದೆ. ಮಲ್ಲರನ್ನು ಮೈಕಟ್ಟು, ವಯಸ್ಸು, ಬಲ ನೋಡಿ ವಿಂಗಡಿಸಬೇಕು. ಇಂಥಿಂಥ ವ್ಯಾಯಾಮ ಮಾಡಿಸಬೇಕು. ಅವರ ಬೇಳೆ, ಮಾಂಸ, ಹಾಲು, ಸಕ್ಕರೆಯ ಖರ್ಚು ಅರಮನೆಯದು ಎಂದು ಅಲ್ಲಿ ವಿಧಿಸಿದೆ. ನೋಡಿ, ಸುಮಾರು ಒಂಬೈನೂರು ವರ್ಷಗಳ ಹಿಂದಿನ ಅರಸನಿಗೆ ಒಂದು ಸರಳ ಲೆಕ್ಕ ತಿಳಿದಿತ್ತು: ಹೊಟ್ಟೆಗಿಲ್ಲದವನಿಂದ ಕುಸ್ತಿ ಮಾಡಿಸಲಾಗದು.

ವಿಜಯನಗರಕ್ಕೆ ಬನ್ನಿ. ಕೃಷ್ಣದೇವರಾಯನ ಕಾಲದಲ್ಲಿ, ಸುಮಾರು 1520ರಲ್ಲಿ, ಪೋರ್ಚುಗಲ್ಲಿನ ಡೊಮಿಂಗೊ ಪಾಯಸ್ ಅಲ್ಲಿದ್ದ. ರಾಯನು ಬೆಳಗಿನ ಜಾವ ಎಳ್ಳೆಣ್ಣೆ ಕುಡಿದು, ಅದನ್ನೇ ಮೈಗೆ ಬಳಿದುಕೊಂಡು, ಭಾರ ಎತ್ತಿ, ಕತ್ತಿ ಬೀಸಿ, ಬೆವರಿಳಿಸಿ, ಕೊನೆಗೆ ತನ್ನ ಜಟ್ಟಿಯೊಬ್ಬನೊಡನೆ ಕುಸ್ತಿ ಹಿಡಿಯುತ್ತಿದ್ದನೆಂದು ಆತ ಬರೆದಿಟ್ಟಿದ್ದಾನೆ. ಆ ಜಟ್ಟಿಗೆ ರಾಯನನ್ನು ಚಿತ್ ಮಾಡುವ ಸ್ವಾತಂತ್ರ್ಯವಿತ್ತೆ ಎಂಬುದನ್ನು ಮಾತ್ರ ಆತ ಬರೆಯಲಿಲ್ಲ. ಮಹಾನವಮಿಯ ಕಾಳಗದಲ್ಲಿ ಹಲ್ಲು ಮುರಿದವರನ್ನು, ಕಣ್ಣು ಕಳೆದುಕೊಂಡವರನ್ನು, ಮಾತು ನಿಂತು ಗೆಳೆಯರು ಹೊತ್ತೊಯ್ದವರನ್ನು ಅವನು ಕಂಡ. ಆಮೇಲೆ ಬಂದ ನೂನಿಜ್ ಎಂಬವನು ಅರಮನೆಯಲ್ಲಿ ಕುಸ್ತಿ ಮಾಡುವ ಹೆಂಗಸರೂ ಇದ್ದರೆಂದು ಹೇಳುತ್ತಾನೆ. ಹೆಣ್ಣುಮಕ್ಕಳಿಗೆ ಮಣ್ಣು ಮುಟ್ಟುವ ಹಕ್ಕಿಲ್ಲ, ಇದು ನಮ್ಮ ಸಂಪ್ರದಾಯವಲ್ಲ ಎಂದು ಗೊಣಗುವ ಹಿರಿಯರು ಈ ಮಾತನ್ನು ದಯವಿಟ್ಟು ಎರಡು ಸಲ ಓದಬೇಕು.

ಈ ಮಹಾನವಮಿ ಶ್ರೀರಂಗಪಟ್ಟಣದ ದಾರಿಯಾಗಿ ಮೈಸೂರಿನ ದಸರೆಯಾಯಿತು. ವಿಜಯದಶಮಿಯ ದಿನ ಅರಮನೆಯಲ್ಲಿ ಜಟ್ಟಿಗಳ ವಜ್ರಮುಷ್ಟಿ ಕಾಳಗ ಇಂದಿಗೂ ನಡೆಯುತ್ತದೆ. ತಲೆ ಬೋಳಿಸಿಕೊಂಡ ಇಬ್ಬರು, ಬೆರಳಿಗೆ ಮೊನೆಯ ಆಯುಧ ತೊಟ್ಟು ಹೊಡೆದಾಡುತ್ತಾರೆ. ಒಬ್ಬನ ತಲೆಯಿಂದ ಮೊದಲ ನೆತ್ತರು ಚಿಮ್ಮಿದೊಡನೆ ಕಾಳಗ ಮುಗಿಯಿತು. ಆಮೇಲೆ ಮೆರವಣಿಗೆ ಹೊರಡಬೇಕು. ಶುಭಕಾರ್ಯಕ್ಕೆ ನೆತ್ತರು ಬೇಕು, ಆದರೆ ಆ ನೆತ್ತರು ಅರಮನೆಯವರದಾಗಿರಕೂಡದು! ಇತಿಹಾಸದ ಇಡೀ ಪಾಠ ಈ ಒಂದು ಹನಿಯಲ್ಲಿದೆ.

ಅರಸೊತ್ತಿಗೆ ಹೋಯಿತು. 1971ರಲ್ಲಿ ರಾಜಧನವೂ ರದ್ದಾಯಿತು. ಒಳ್ಳೆಯದೇ ಆಯಿತು. ದಸರೆಯನ್ನು ಸರ್ಕಾರ ನಾಡಹಬ್ಬವೆಂದು ವಹಿಸಿಕೊಂಡಿತು. ಆನೆಯನ್ನು ವಹಿಸಿಕೊಂಡಿತು, ಅಂಬಾರಿಯನ್ನು ವಹಿಸಿಕೊಂಡಿತು, ದೀಪಾಲಂಕಾರವನ್ನು ವಹಿಸಿಕೊಂಡಿತು. ಕುಸ್ತಿ ಪಂದ್ಯವನ್ನೂ ನಡೆಸುತ್ತದೆ. ದಸರಾ ಕೇಸರಿ ಎಂದು ಗದೆ ಕೊಡುತ್ತದೆ, ಮಂತ್ರಿಗಳು ಗದೆ ಹಿಡಿದು ಫೋಟೋ ತೆಗೆಸಿಕೊಳ್ಳುತ್ತಾರೆ. ಆದರೆ ಸೋಮೇಶ್ವರ ಹೇಳಿದ ಆ ಬೇಳೆ, ಹಾಲು, ಮಾಂಸದ ಬಾಬ್ತು ಎಲ್ಲಿ ಹೋಯಿತು? ಅರಸನ ಮೆರವಣಿಗೆಯನ್ನು ಉತ್ತರಾಧಿಕಾರದಲ್ಲಿ ಪಡೆದವರು ಅರಸನ ಸಾಲವನ್ನೂ ಪಡೆಯಬೇಡವೆ? ಹಬ್ಬದ ಹತ್ತು ದಿನ ಪೈಲ್ವಾನ ಬೇಕು. ಉಳಿದ ದಿನಗಳಲ್ಲಿ ಅವನು ಏನು ತಿಂದ ಎಂದು ಯಾರಾದರೂ ಕೇಳಿದ್ದಾರೆಯೆ?

ಆ ಪ್ರಶ್ನೆಯನ್ನು ಕೇಳಿದವರು ನೀವು. ಗಿರಣಿಯ ಪಾಳಿ ಮುಗಿಸಿ, ಮೈಮೇಲಿನ ಹತ್ತಿಯ ಧೂಳು ಒರೆಸಿಕೊಂಡು, ಲಂಗೋಟಿ ಕಟ್ಟಿ ಮಟ್ಟಿಗೆ ಇಳಿದವರು ನೀವು. ಓಣಿಯ ಹುಡುಗನಿಗೆ ತುಪ್ಪ, ಬಾದಾಮಿಯನ್ನು ಉದ್ರಿ ಕೊಟ್ಟು, ಬಾಕಿ ಕೇಳದೆ ಬಿಟ್ಟ ಕಿರಾಣಿ ಅಂಗಡಿಯವರು ನೀವು. ಜಾತ್ರೆಯ ಜಂಗಿ ಕುಸ್ತಿಗೆ ವಂತಿಗೆ ಎತ್ತಿದವರು, ಬೆಳ್ಳಿ ಕಡಗಕ್ಕೆ ನಾಲ್ಕು ಕಾಸು ಸೇರಿಸಿದವರು ನೀವು. ಕೆಮ್ಮಣ್ಣಿಗೆ ಎಣ್ಣೆ, ಮಜ್ಜಿಗೆ, ಅರಿಸಿನ ಬೆರೆಸಿ ಹದ ಮಾಡಿದ್ದು ಯಾವ ಧಣಿಯೂ ಅಲ್ಲ. ಹನುಮಂತನ ಪಟದ ಕೆಳಗೆ ಮುಸಲ್ಮಾನ ಉಸ್ತಾದರ ಕಾಲು ಮುಟ್ಟಿ ಪಟ್ಟು ಕಲಿತ ಹಿಂದೂ ಹುಡುಗರು ನಮ್ಮ ಊರುಗಳಲ್ಲಿ ಕಡಿಮೆಯೆ? ಮೈತುಂಬ ಮಣ್ಣು ಮೆತ್ತಿಕೊಂಡವರಲ್ಲಿ ಯಾವ ಜಾತಿ, ಯಾವ ಮತ ಎಂದು ಗುರುತಿಸಬಲ್ಲ ಕಣ್ಣು ಇನ್ನೂ ಹುಟ್ಟಿಲ್ಲ. ಗರಡಿ ಮುಚ್ಚಿದ ಓಣಿಯಲ್ಲಿ ಮಾತ್ರ ಆ ಕಣ್ಣು ಬೇಗ ತೆರೆಯುತ್ತದೆ.

ಖಾಶಾಬಾ ಜಾಧವರನ್ನು ನೆನೆಯಿರಿ. 1952ರ ಹೆಲ್ಸಿಂಕಿ ಒಲಿಂಪಿಕ್ಸಿನಲ್ಲಿ ಕಂಚು ಗೆದ್ದು, ಸ್ವತಂತ್ರ ಭಾರತಕ್ಕೆ ಮೊಟ್ಟಮೊದಲ ವೈಯಕ್ತಿಕ ಪದಕ ತಂದ ಪೈಲ್ವಾನ ಅವರು. ಅವರನ್ನು ಅಲ್ಲಿಗೆ ಕಳಿಸಿದ್ದು ಸರ್ಕಾರದ ಬೊಕ್ಕಸವಲ್ಲ. ಊರವರು ಮನೆಮನೆಗೆ ಹೋಗಿ ಹಣ ಕೂಡಿಸಿದರು. ಕೊಲ್ಹಾಪುರದ ಕಾಲೇಜಿನ ಪ್ರಾಂಶುಪಾಲರು ತಮ್ಮ ಮನೆ ಅಡವಿಟ್ಟರು. 1984ರಲ್ಲಿ ಜಾಧವರು ರಸ್ತೆ ಅಪಘಾತದಲ್ಲಿ ತೀರಿಕೊಂಡರು. ದೇಶ ಅವರಿಗೆ ಅರ್ಜುನ ಪ್ರಶಸ್ತಿ ಕೊಟ್ಟದ್ದು ಸುಮಾರು 2000ನೆಯ ಇಸವಿಯ ಹೊತ್ತಿಗೆ! ಕೋಟಿ-ಚೆನ್ನಯರ ಕಾಲದಿಂದ ನಮ್ಮ ಪದ್ಧತಿ ಇದೇ: ಬದುಕಿದ್ದಾಗ ಹೊಟ್ಟೆಗಿಲ್ಲ, ಸತ್ತ ಮೇಲೆ ಹಾರ.

ಇನ್ನು ಹೆಣ್ಣುಮಕ್ಕಳ ಮಾತು. 2023ರಲ್ಲಿ ದೆಹಲಿಯ ಜಂತರ್ ಮಂತರ್‌ನಲ್ಲಿ ವಿನೇಶ್ ಫೋಗಟ್, ಸಾಕ್ಷಿ ಮಲಿಕ್, ಬಜರಂಗ್ ಪೂನಿಯಾ ಮೊದಲಾದವರು ಧರಣಿ ಕೂತರು. ಕುಸ್ತಿ ಒಕ್ಕೂಟದ ಅಂದಿನ ಅಧ್ಯಕ್ಷರು ಲೈಂಗಿಕ ಕಿರುಕುಳ ಕೊಟ್ಟರೆಂಬುದು ಕುಸ್ತಿಪಟುಗಳ ಆರೋಪ. ಅವರು ಅದನ್ನು ಅಲ್ಲಗಳೆದರು. ಸರಿ ತಪ್ಪು ನ್ಯಾಯಾಲಯ ಹೇಳಲಿ. ನಾವು ಕೇಳುವುದು ಬೇರೆ. ದೇಶಕ್ಕೆ ಪದಕ ತಂದವರು ಒಂದು ದೂರು ದಾಖಲಿಸಲು ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತಬೇಕೆ? ಮೇ 28ರಂದು ಹೊಸ ಸಂಸತ್ ಭವನ ಉದ್ಘಾಟನೆಯಾಗುತ್ತಿದ್ದಾಗ ಅವರನ್ನು ರಸ್ತೆಯಲ್ಲಿ ಎಳೆದಾಡಿ ಪೊಲೀಸ್ ವಾಹನಕ್ಕೆ ತುಂಬಿದ್ದು ಯಾವ ನ್ಯಾಯ? ಎರಡು ದಿನ ಕಳೆದು ಪದಕಗಳನ್ನು ಗಂಗೆಗೆ ಬಿಡಲು ಅವರು ಹರಿದ್ವಾರಕ್ಕೆ ಹೋದರು. ರೈತ ಮುಖಂಡರು ಹೋಗಿ ತಡೆದರು. ಮಂತ್ರಿಗಳು ಹೋಗಲಿಲ್ಲ, ರೈತರು ಹೋದರು. ಈ ವಿದ್ಯೆಯ ಬಂಧುಗಳು ಯಾರೆಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ?

ಕೆಲವರು ಹೇಳುತ್ತಾರೆ: ಕಾಲ ಬದಲಾಯಿತು, ಇದು ಹಳೆಯ ಆಟ, ಹುಡುಗರಿಗೆ ಬೇಕಿಲ್ಲ. ಹುಡುಗರಿಗೆ ಬೇಕಿಲ್ಲವೆಂದಾದರೆ ತಿಂಗಳಿಗೆ ಸಾವಿರಗಟ್ಟಲೆ ಶುಲ್ಕ ತೆತ್ತು ಜಿಮ್ಮುಗಳಿಗೆ ಹೋಗುವವರು ಯಾರು? ಶುಲ್ಕ ತೆರಲಾಗದವನ ಮಗ ಎಲ್ಲಿಗೆ ಹೋಗಬೇಕು? ಮೈ ಬೆಳೆಸುವ ಆಸೆ ಸತ್ತಿಲ್ಲ. ಬಡವನ ಆಸೆಗೆ ಜಾಗ ಇಲ್ಲವಾಗಿದೆ. ಇನ್ನೂ ಕೆಲವರು ಹೇಳುತ್ತಾರೆ: ದೊಡ್ಡ ಕುಳಗಳು ಬಹುಮಾನ ಕೊಡುತ್ತಾರಲ್ಲ, ಸಾಲದೆ? ಸಾಲದು. ಬಹುಮಾನ ಗೆದ್ದ ಒಬ್ಬನಿಗೆ ಸಿಗುತ್ತದೆ. ಹಾಲು ಸೋತವನಿಗೂ ಬೇಕು, ಇನ್ನೂ ಕಲಿಯುತ್ತಿರುವವನಿಗೂ ಬೇಕು. ಬಹುಮಾನ ದಾನ, ಹಾಲು ಹಕ್ಕು.

ಆದ್ದರಿಂದ ನಮ್ಮ ಒತ್ತಾಯ ಸ್ಪಷ್ಟ. ಕಾರ್ಮಿಕರ ಪ್ರತಿ ಬಡಾವಣೆಗೆ, ಪ್ರತಿ ಹೋಬಳಿಗೆ ಒಂದು ಗರಡಿ ಬೇಕು. ಅದರ ಜಾಗವನ್ನು ಮಳಿಗೆ ಕಟ್ಟಲು ಮುಟ್ಟಕೂಡದು. ಕೆಮ್ಮಣ್ಣಿನ ಪಕ್ಕದಲ್ಲಿ ಮ್ಯಾಟೂ ಇರಬೇಕು, ಏಕೆಂದರೆ ಒಲಿಂಪಿಕ್ಸ್ ನಡೆಯುವುದು ಮ್ಯಾಟಿನ ಮೇಲೆ. ಕಲಿಯುವ ಮಕ್ಕಳಿಗೆ ವರ್ಷವಿಡೀ ಹಾಲು, ಮೊಟ್ಟೆ, ಬೇಳೆ ಸಿಗಬೇಕು. ಉಸ್ತಾದರಿಗೆ ಸಂಬಳ, ಮೂಳೆ ಮುರಿದವನಿಗೆ ವಿಮೆ, ಮುದಿ ಪೈಲ್ವಾನನಿಗೆ ಕಚೇರಿ ಅಲೆಸದ ಮಾಸಾಶನ ಸಿಗಬೇಕು. ಹೆಣ್ಣುಮಕ್ಕಳಿಗೆ ಪ್ರತ್ಯೇಕ ಸಮಯ, ಹೆಣ್ಣು ತರಬೇತುದಾರರು, ದೂರು ಕೇಳಲು ಒಕ್ಕೂಟದ ಹಂಗಿಲ್ಲದ ಸಮಿತಿ ಇರಬೇಕು. ತುಳು ಸೀಮೆಯ ಗರಡಿಗಳ ಆಡಳಿತದವರಲ್ಲಿ ನಮ್ಮ ಬಿನ್ನಹ ಬೇರೆ: ಗುಡಿಗೆ ನಡೆದುಕೊಳ್ಳುವುದನ್ನು ಬಿಡಬೇಡಿ, ಅಂಗಳದ ಒಂದು ಮೂಲೆಯಲ್ಲಿ ಮಕ್ಕಳಿಗೆ ಮತ್ತೆ ಸಾಮು ಕಲಿಸಿ. ಬೈದೆರ್ಕಳಿಗೆ ಅದಕ್ಕಿಂತ ದೊಡ್ಡ ನೇಮವಿಲ್ಲ.

ಕೊನೆಗೆ ಒಂದು ಮಾತು. ಐವರ್ನಾಡಿನ ಮಗ್ಗುಲಲ್ಲೇ ಇರುವ ಬೆಳ್ಳಾರೆಯಲ್ಲಿ 1837ರಲ್ಲಿ ರೈತರು ಕುಂಪಣಿಯ ಖಜಾನೆಯನ್ನು ವಶಪಡಿಸಿಕೊಂಡರು. ಬೆಳೆದ ಭತ್ತದಲ್ಲಿ ಕಂದಾಯ ಕೊಡುತ್ತಿದ್ದವರನ್ನು ನಗದು ತಾ ಎಂದು ಹಿಂಡಿದ್ದಕ್ಕೆ ಎದ್ದ ದಂಗೆ ಅದು. ಅಲ್ಲಿಂದ ಮಂಗಳೂರಿಗೆ ನಡೆದು, ಆ ಊರನ್ನು ಕೆಲವು ದಿನ ತಮ್ಮ ಕೈಯಲ್ಲಿಟ್ಟುಕೊಂಡರು. ಆ ತೋಳುಗಳಿಗೆ ಯಾರೂ ಗದೆ ಕೊಡಲಿಲ್ಲ, ಹಗ್ಗ ಕೊಟ್ಟರು. ಆದರೂ ನಾವು ಇಂದು ನೆನೆಯುವುದು ಅವರನ್ನು. ಕುಂಪಣಿಯ ಅಧಿಕಾರಿಗಳ ಹೆಸರು ಯಾರಿಗೆ ನೆನಪಿದೆ? ದುಡಿಯುವವನ ಮೈಯನ್ನು ಕೂಲಿಗೆ ಕೊಂಡರು, ಕಾಳಗಕ್ಕೆ ಕೊಂಡರು, ನೋಟಕ್ಕೆ ಕೊಂಡರು. ಆ ಮೈಯನ್ನು ಅವನ ಸ್ವಂತಕ್ಕೆ ಬೆಳೆಸಿಕೊಳ್ಳುವ ಒಂದೇ ಜಾಗ ಗರಡಿ. ಅದನ್ನು ಬಿಟ್ಟುಕೊಡಬೇಡಿ. ಮುಂದಿನ ಸಭೆಯಲ್ಲಿ ನಿಮ್ಮ ಪುರಸಭೆಯ ಸದಸ್ಯರು ಮತ ಕೇಳಲು ಬಂದಾಗ ಮೊದಲು ಕೇಳಿ: ನಮ್ಮ ಓಣಿಯ ಗರಡಿ ಎಲ್ಲಿ?