ಬಿತ್ತನೆಯ ಭತ್ತವೂ ಹಳೆಯ ಫ್ಲಾಪಿಯೂ

ದಢೇಸುಗೂರಿನ ರೈತರು ಅಕ್ಕಿಯನ್ನು ಉಣ್ಣುವರು. ಬಿತ್ತನೆಗೆ ಮಾತ್ರ ಭತ್ತವನ್ನೇ ತೆಗೆದಿರಿಸುವರು. ಹೊಟ್ಟೂ ತೌಡೂ ಕಳೆದ ಅಕ್ಕಿ ಮೊಳೆಯದೆಂಬುದನ್ನು ತುಂಗಭದ್ರೆಯ ಎಡದಂಡೆ ಕಾಲುವೆಯ ಬಯಲಿನವರಿಗೆ ಯಾರೂ ಹೇಳಿಕೊಡಬೇಕಾದುದಿಲ್ಲ. ಹಳೆಯ ಗಣಕ ತಂತ್ರಾಂಶಗಳನ್ನು ಕಾಪಾಡುವವರಿಗೂ ಇದೇ ವಿವೇಕ ಬೇಕೆಂದರೆ ವಾಚಕರು ನಗಬಾರದು.

ಅಲ್ಲಿಯ ಗೃಹಸ್ಥರೊಬ್ಬರು ತಮ್ಮ ತೀರ್ಥರೂಪರ ಬೇಸಾಯದ ಟಿಪ್ಪಣಿಗಳನ್ನೂ ಲೆಕ್ಕಪತ್ರಗಳನ್ನೂ ನಮಗೆ ತೋರಿಸಿದರು. ಟಿಪ್ಪಣಿ ತೆರೆದರೆ ಕನ್ನಡದ ಬದಲು ಅರ್ಥವಿಲ್ಲದ ರೋಮನ್ ಅಕ್ಷರಗಳು; ಲೆಕ್ಕದ ಕಡತಗಳಂತೂ ತೆರೆಯಲೇ ಇಲ್ಲ. ಕಡತಗಳನ್ನಷ್ಟೇ ನಕಲಿಸಿಕೊಂಡು, ತಂತ್ರಾಂಶವಿದ್ದ ಫ್ಲಾಪಿಗಳನ್ನು ಮನೆಯವರು ಕಸಕ್ಕೆ ಹಾಕಿದ್ದರು.

ಯೂನಿಕೋಡ್ 1991ರ ತನ್ನ ಮೊದಲ ಆವೃತ್ತಿಯಲ್ಲಿಯೇ ಕನ್ನಡಕ್ಕೆ ಸ್ವಂತ ಸಂಕೇತಗಳನ್ನು ಕೊಟ್ಟಿತು. ಆದರೂ ಬಹುಕಾಲ ನಮ್ಮ ತಂತ್ರಾಂಶಗಳು ರೋಮನ್ ಅಕ್ಷರಗಳ ಸ್ಥಾನದಲ್ಲಿ ಕನ್ನಡದ ಆಕೃತಿಗಳನ್ನು ಕೂರಿಸುತ್ತಿದ್ದವು. ಕನ್ನಡ ಗಣಕ ಪರಿಷತ್ತಿನ ‘ನುಡಿ’ಯ ಹಳೆಯ ಅಕ್ಷರಶೈಲಿಯಲ್ಲಿ ಕಕಾರವು ರೋಮನ್ ‘ಪಿ’ಯ ಸ್ಥಾನದಲ್ಲಿದೆ. ಶೈಲಿ ಇಲ್ಲದಿದ್ದರೆ ಓದೂ ಇಲ್ಲ.

ಆದುದರಿಂದ ಹೀಗೆ ಮಾಡತಕ್ಕದ್ದು. ಮೂರೂವರೆ ಅಂಗುಲದ ಫ್ಲಾಪಿಯ ಮೂಲೆಯ ಬರಹತಡೆ ಕಿಂಡಿಯನ್ನು ಮೊದಲು ತೆರೆಯಬೇಕು. ಆಗ ಅದರ ಮೇಲೆ ಏನೂ ಅಳಿಯದು. ಬಳಿಕ ಕಡತಗಳನ್ನು ಆಯ್ದುಕೊಳ್ಳದೆ ಇಡೀ ಫ್ಲಾಪಿಯ ಪಡಿಯಚ್ಚನ್ನು ‘ಐಎಂಜಿ’ ರೂಪದಲ್ಲಿ ತೆಗೆಯಬೇಕು. 1.44 ಎಂಬಿ ಫ್ಲಾಪಿಗೆ ಎರಡು ಬದಿ, ಬದಿಗೆ 80 ಪಥ, ಪಥಕ್ಕೆ 18 ಖಂಡ, ಖಂಡಕ್ಕೆ 512 ಬೈಟ್. ಒಟ್ಟು 14,74,560 ಬೈಟ್. ಪಡಿಯಚ್ಚು ಇದಕ್ಕಿಂತ ಕಿರಿದಾದರೆ ಏನೋ ಬಿಟ್ಟುಹೋಗಿದೆಯೆಂದು ತಿಳಿಯಬೇಕು. ನಕಲುತಡೆಯುಳ್ಳ ಫ್ಲಾಪಿಗೆ ಈ ರೂಪ ಸಾಲದು. ಕಾಂತಸ್ಪಂದನವನ್ನೇ ದಾಖಲಿಸುವ ‘ಫ್ಲಕ್ಸ್’ ಪಡಿಯಚ್ಚು ಬೇಕು. ಪ್ರತಿಯೊಂದಕ್ಕೂ ಎಸ್‌ಎಚ್‌ಎ-256 ತಾಳೆಸಂಖ್ಯೆಯನ್ನು ಬರೆದಿಟ್ಟರೆ, ಮುಂದೆ ಒಂದು ಬೈಟ್ ಕೆಟ್ಟರೂ ಗೊತ್ತಾಗುವುದು. ಎರಡು ಪ್ರತಿಗಳನ್ನು ಎರಡು ಮನೆಗಳಲ್ಲಿಡುವುದು ಲೇಸು.

ಇದು ಬಿತ್ತನೆಯ ಭತ್ತ. ಹಳೆಯ ಯಂತ್ರವನ್ನು ಅನುಕರಿಸುವ ಡಾಸ್‌ಬಾಕ್ಸ್‌ನಂತಹ ಸಾಧನದಲ್ಲಿ ಡಾಸ್ ಕಾಲದ ತಂತ್ರಾಂಶವು ಇಂತಹ ಪಡಿಯಚ್ಚಿನಿಂದ ಮರಳಿ ಮೊಳೆಯಬಲ್ಲದು. ನಿತ್ಯದ ಓದಿಗೆಂದು ಯೂನಿಕೋಡಿಗೆ ಪರಿವರ್ತಿಸಿದ ಸರಳ ಪಠ್ಯವು ಅಕ್ಕಿ. ಅದೂ ಬೇಕು, ಆದರೆ ಅದೊಂದೇ ಸಾಲದು.

ಆ ಗೃಹಸ್ಥರ ಟಿಪ್ಪಣಿಗಳು ‘ನುಡಿ’ಯವೇ ಆಗಿದ್ದುದರಿಂದ ಪರಿವರ್ತಕದ ನೆರವಿನಿಂದ ಓದಲು ದೊರೆತವು. ಲೆಕ್ಕದ ತಂತ್ರಾಂಶವನ್ನಾದರೋ ಪರಿಚಿತರೊಬ್ಬರು ಆ ಮನೆಗೆಂದೇ ರಚಿಸಿಕೊಟ್ಟಿದ್ದರು; ಅದರ ಬೇರೊಂದು ಪ್ರತಿ ಎಲ್ಲಿಯೂ ಇಲ್ಲ. ತಂದೆಯ ಇಪ್ಪತ್ತು ಬೆಳೆಗಳ ಲೆಕ್ಕ ಮಗನ ಕೈಯಲ್ಲಿದೆ, ಕಣ್ಣಿಗಿಲ್ಲ. ವಾಚಕರೇ, ಅಟ್ಟದ ಮೇಲಿನ ಪೆಟ್ಟಿಗೆಯನ್ನು ಈ ಭಾನುವಾರವೇ ಇಳಿಸಿರಿ.