ಟಿಕೆಟ್ಟಿನ ಮೂಲೆಯ ಒಂದಕ್ಷರ

ವಿಮಾನದ ಟಿಕೆಟ್ ಕೈಗೆ ಬಂದ ಕೂಡಲೇ ಜನ ನೋಡುವುದು ಹೆಸರು ಸರಿಯಿದೆಯೇ, ತಾರೀಕು ಯಾವುದು, ಎಷ್ಟು ಹೊತ್ತಿಗೆ ಹೊರಡುತ್ತದೆ, ಎಷ್ಟು ಕಿಲೋ ಸಾಮಾನು ಒಯ್ಯಬಹುದು ಎಂಬುದನ್ನು. ಅವುಗಳ ಪಕ್ಕದಲ್ಲೇ, ವಿಮಾನದ ಸಂಖ್ಯೆಗೆ ಅಂಟಿಕೊಂಡಂತೆ, ಇನ್ನೊಂದು ಅಕ್ಷರ ಕೂತಿರುತ್ತದೆ. ‘ಕೆ’, ‘ಎಲ್’, ‘ಟಿ’, ‘ಎಂ’, ‘ವೈ’, ಹೀಗೆ ಯಾವುದೋ ಒಂದು. ಅದನ್ನು ಓದುವವರು ಕಡಿಮೆ. ಆದರೆ ಟಿಕೆಟ್ ರದ್ದು ಮಾಡಿದರೆ ಎಷ್ಟು ಹಣ ವಾಪಸು ಬರುತ್ತದೆ, ದಿನ ಬದಲಿಸಲು ಎಷ್ಟು ದಂಡ, ಖಾತೆಗೆ ಎಷ್ಟು ಮೈಲಿ ಜಮೆ ಆಗುತ್ತದೆ ಎಂಬುದೆಲ್ಲ ಅದಕ್ಕೇ ಗಂಟುಬಿದ್ದಿದೆ.

ಇದನ್ನು ಫೇರ್ ಕ್ಲಾಸ್ ಎನ್ನುತ್ತಾರೆ. ಎಕಾನಮಿ, ಬಿಸಿನೆಸ್ ಎಂಬ ವಿಭಾಗ ಬೇರೆ, ಇದು ಬೇರೆ. ಬಸ್ ನಿಲ್ದಾಣದಲ್ಲಿ ಕೆಂಪು ಬಸ್ಸು ಯಾವುದು, ರಾಜಹಂಸ ಯಾವುದು, ಐರಾವತ ಯಾವುದು ಎಂದು ಯಾರಿಗೂ ಹೇಳಿಕೊಡಬೇಕಿಲ್ಲ. ದರ ಬೇರೆಯಾದರೆ ಬಸ್ಸೂ ಬೇರೆ, ಕಣ್ಣಿಗೇ ಕಾಣುತ್ತದೆ. ವಿಮಾನದ ಎಕಾನಮಿಯಲ್ಲಿ ಹಾಗಿಲ್ಲ. ಒಂದೇ ಅಗಲದ ಸೀಟು, ಒಂದೇ ತಟ್ಟೆಯ ಊಟ, ಒಂದೇ ಕಿಟಕಿ. ಅದರೊಳಗೇ ಹತ್ತಕ್ಕೂ ಹೆಚ್ಚು ಅಕ್ಷರಗಳು. ‘ವೈ’ ಎಂದರೆ ಪೂರ್ತಿ ದರದ ಎಕಾನಮಿ. ಅಲ್ಲಿಂದ ಕೆಳಕ್ಕೆ ‘ಬಿ’, ‘ಎಂ’, ‘ಎಚ್’ ಎಂದು ಮೆಟ್ಟಿಲಿಳಿದಂತೆ ದರ ಇಳಿಯುತ್ತದೆ, ನಿಬಂಧನೆ ಬಿಗಿಯಾಗುತ್ತದೆ.

ಈ ಏರ್ಪಾಡಿಗೆ ಐದು ದಶಕಗಳ ಚರಿತ್ರೆಯಿದೆ. 1972ರಲ್ಲಿ ಬ್ರಿಟನ್ನಿನ ಬಿಓಎಸಿ ಸಂಸ್ಥೆಯ ಕೆನ್ ಲಿಟಲ್‌ವುಡ್ ಒಂದು ಸರಳ ಲೆಕ್ಕ ಮುಂದಿಟ್ಟರು. ಮುಂಗಡ ಕಾದಿರಿಸುವವರಿಗೆ ರಿಯಾಯಿತಿ ಕೊಡಬಹುದು. ಆದರೆ ಕೊನೆಯ ಗಳಿಗೆಯಲ್ಲಿ ಪೂರ್ತಿ ದರ ಕೊಡಲು ಬರುವವರಿಂದ ನಿರೀಕ್ಷಿಸಬಹುದಾದ ಹಣ ರಿಯಾಯಿತಿ ದರವನ್ನು ಮೀರುವ ಹಂತ ಬಂದಾಗ ಅಗ್ಗದ ಮಾರಾಟ ನಿಲ್ಲಿಸಬೇಕು. ಅಮೆರಿಕ 1978ರಲ್ಲಿ ವಿಮಾನ ದರಗಳ ಮೇಲಿನ ಸರ್ಕಾರಿ ಹಿಡಿತ ಸಡಿಲಿಸಿದ ಮೇಲೆ ಈ ಲೆಕ್ಕಕ್ಕೆ ರೆಕ್ಕೆ ಬಂತು. ಪೀಪಲ್ ಎಕ್ಸ್‌ಪ್ರೆಸ್ ಎಂಬ ಅಗ್ಗದ ಸಂಸ್ಥೆಯನ್ನು ಎದುರಿಸಲು 1985ರ ಜನವರಿಯಲ್ಲಿ ಅಮೆರಿಕನ್ ಏರ್‌ಲೈನ್ಸ್ ಭಾರೀ ರಿಯಾಯಿತಿ ದರ ಘೋಷಿಸಿತು. ಎಲ್ಲ ಸೀಟಿಗೂ ಅಲ್ಲ, ಗಣಕಯಂತ್ರ ಲೆಕ್ಕ ಹಾಕಿ ಬಿಟ್ಟಷ್ಟಕ್ಕೆ ಮಾತ್ರ. ಮರುವರ್ಷವೇ ಪೀಪಲ್ ಎಕ್ಸ್‌ಪ್ರೆಸ್ ಬೇರೆಯವರ ಪಾಲಾಯಿತು. ಅಕ್ಷರಗಳ ಮೆಟ್ಟಿಲು ಅಂದಿನಿಂದ ಉದ್ದವಾಗುತ್ತಲೇ ಬಂದಿದೆ. ಇಂಥ ಬುಕಿಂಗ್ ವ್ಯವಸ್ಥೆಗಳನ್ನು ನಡೆಸುವ ಸೇಬರ್, ಅಮೆಡಿಯಸ್ ಕಂಪನಿಗಳ ದೊಡ್ಡ ತಾಂತ್ರಿಕ ಕೇಂದ್ರಗಳು ಬೆಂಗಳೂರಿನಲ್ಲೇ ಇವೆ.

ಮೈಲಿ ಲೆಕ್ಕ ಶುರುವಾದದ್ದೂ ಅದೇ ಕಾಲದಲ್ಲಿ. ಅಮೆರಿಕನ್ ಏರ್‌ಲೈನ್ಸ್ 1981ರ ಮೇ 1ರಂದು ಆಡ್ವಾಂಟೇಜ್ ಯೋಜನೆ ತಂದಿತು. ಹಾರಿದಷ್ಟು ಮೈಲಿ ಖಾತೆಗೆ, ಸಾಕಷ್ಟು ಕೂಡಿದರೆ ಒಂದು ಟಿಕೆಟ್ ಉಚಿತ. ಮಗುವಿಗೂ ಅರ್ಥವಾಗುವ ಲೆಕ್ಕ. 1997ರಲ್ಲಿ ಐದು ಸಂಸ್ಥೆಗಳು ಸೇರಿ ಸ್ಟಾರ್ ಅಲೈಯನ್ಸ್ ಕಟ್ಟಿದವು. 1999ರಲ್ಲಿ ಒನ್‌ವರ್ಲ್ಡ್, 2000ದಲ್ಲಿ ಸ್ಕೈಟೀಮ್ ಬಂದವು. ಒಂದು ಸಂಸ್ಥೆಯ ವಿಮಾನದಲ್ಲಿ ಹಾರಿ ಇನ್ನೊಂದರ ಖಾತೆಯಲ್ಲಿ ಮೈಲಿ ಕೂಡಿಸುವುದು ಸಾಧ್ಯವಾಯಿತು. ಏರ್ ಇಂಡಿಯಾ 2014ರ ಜುಲೈನಲ್ಲಿ ಸ್ಟಾರ್ ಅಲೈಯನ್ಸ್ ಸೇರಿದ್ದರಿಂದ ಭಾರತದ ಪ್ರಯಾಣಿಕರಿಗೂ ಈ ಬಾಗಿಲು ಹತ್ತಿರವಾಯಿತು.

ತೊಡಕು ಇರುವುದು ಈ ಬಾಗಿಲಲ್ಲೇ.

ಬೆಂಗಳೂರಿನಿಂದ ಫ್ರಾಂಕ್‌ಫರ್ಟ್‌ಗೆ ನೇರ ದೂರ ಸುಮಾರು 4,600 ಮೈಲಿ. ಲುಫ್ತಾನ್ಸಾ ವಿಮಾನದ ಅಕ್ಕಪಕ್ಕದ ಸೀಟುಗಳಲ್ಲಿ ಇಬ್ಬರು ಕೂತಿದ್ದಾರೆ ಎನ್ನಿ. ಇಬ್ಬರ ಖಾತೆಯೂ ಬೇರೊಂದು ಪಾಲುದಾರ ಸಂಸ್ಥೆಯಲ್ಲಿದೆ. ಅಂಥ ಪ್ರತಿಯೊಂದು ಯೋಜನೆಯೂ ಪಾಲುದಾರರಿಗೊಂದರಂತೆ ಪಟ್ಟಿ ಇಟ್ಟುಕೊಂಡಿರುತ್ತದೆ: ಈ ಅಕ್ಷರಗಳಿಗೆ ದೂರದ ನೂರಕ್ಕೆ ನೂರು, ಇವಕ್ಕೆ ಐವತ್ತು, ಇವಕ್ಕೆ ಇಪ್ಪತ್ತೈದು, ಉಳಿದವಕ್ಕೆ ಸೊನ್ನೆ. ನೂರರ ಅಕ್ಷರ ಸಿಕ್ಕವರಿಗೆ ಹೋಗಿ ಬಂದದ್ದಕ್ಕೆ 9,200 ಮೈಲಿ. ಇಪ್ಪತ್ತೈದರವರಿಗೆ 2,300. ಸೊನ್ನೆಯವರು ಅಷ್ಟೇ ದೂರ ಹಾರಿ, ಅಷ್ಟೇ ಹೊತ್ತು ಕಾಲು ಮಡಚಿ ಕೂತು, ಬರಿಗೈಯಲ್ಲಿ ಇಳಿಯುತ್ತಾರೆ. ದರದ ಅಂತರ ಅಷ್ಟೇ ದೊಡ್ಡದಾಗಿರಬೇಕು ಎಂದೇನೂ ಇಲ್ಲ. ಬೆಳಿಗ್ಗೆ ಒಂದು ಅಕ್ಷರದ ಸೀಟುಗಳು ಮುಗಿದಿದ್ದರೆ ಸಂಜೆ ಹೊತ್ತಿಗೆ ಮುಂದಿನ ಅಕ್ಷರ ತೆರೆದಿರುತ್ತದೆ. ತುಸುವೇ ಹೆಚ್ಚು ಹಣಕ್ಕೆ ಬೇರೆಯೇ ಸಾಲಿಗೆ ಪ್ರಯಾಣಿಕ ಸೇರಿರುತ್ತಾನೆ, ಅವನಿಗೆ ತಿಳಿಯದಂತೆ.

ಪಾಲುದಾರ ವಿಮಾನದಲ್ಲೇ ಯಾಕೆ ಇಷ್ಟು ಕಟ್ಟುನಿಟ್ಟು? ಮೈಲಿ ಪುಕ್ಕಟೆ ಹುಟ್ಟುವುದಿಲ್ಲ. ಲುಫ್ತಾನ್ಸಾದಲ್ಲಿ ಹಾರಿದವರು ಸಿಂಗಪುರ ಏರ್‌ಲೈನ್ಸ್‌ನ ಕ್ರಿಸ್‌ಫ್ಲೈಯರ್ ಖಾತೆಗೆ ಮೈಲಿ ಹಾಕಿಸಿಕೊಂಡರೆ, ಆ ಮೈಲಿಗಳಿಗೆ ಲುಫ್ತಾನ್ಸಾ ಸಿಂಗಪುರದವರಿಗೆ ಹಣ ತೆರಬೇಕು. ಅಗ್ಗದ ಟಿಕೆಟ್ಟಿನಲ್ಲಿ ಉಳಿಯುವುದೇ ಚೂರು; ಅದರಲ್ಲೂ ಇನ್ನೊಬ್ಬರಿಗೆ ಪಾಲು ಕೊಡಲು ಯಾರೂ ಒಪ್ಪುವುದಿಲ್ಲ. ಆದ್ದರಿಂದ ಎರಡೆರಡು ಸಂಸ್ಥೆಗಳು ಕೂತು ಚೌಕಾಸಿ ಮಾಡಿ ಅಕ್ಷರಕ್ಕಿಷ್ಟು ಎಂದು ಗೊತ್ತುಮಾಡಿಕೊಂಡಿರುತ್ತವೆ. ಒಂದೇ ವಿಮಾನದ ಒಂದೇ ಅಕ್ಷರಕ್ಕೆ ಒಂದು ಯೋಜನೆ ಅರ್ಧ ಕೊಟ್ಟರೆ ಇನ್ನೊಂದು ಕಾಲು ಕೊಡುವುದು ಇದೇ ಕಾರಣಕ್ಕೆ. ಇದರಲ್ಲಿ ಅನ್ಯಾಯವಿಲ್ಲ. ಕಡಿಮೆ ಹಣ ಕೊಟ್ಟವರಿಗೆ ಕಡಿಮೆ ಮೈಲಿ ಎನ್ನುವುದು ವ್ಯಾಪಾರದ ಸಹಜ ಧರ್ಮ. ಆಕ್ಷೇಪ ಇರುವುದು ಹಣ ಕಟ್ಟುವ ಗಳಿಗೆಯಲ್ಲಿ ಆ ಅಕ್ಷರವನ್ನೂ ಅದರ ಫಲವನ್ನೂ ಕೊಳ್ಳುವವರ ಕಣ್ಣಿಗೆ ಬೀಳದಂತೆ ಇಡುವುದಕ್ಕೆ.

ಪಟ್ಟಿಗಳು ಸಂಸ್ಥೆಗಳ ಜಾಲತಾಣಗಳಲ್ಲಿ ಇವೆ, ನಿಜ. ಹುಡುಕಿ ತೆಗೆದರೂ ಓದುವುದು ಸುಲಭವಲ್ಲ, ಏಕೆಂದರೆ ಒಂದು ಸಂಸ್ಥೆಯ ಅಕ್ಷರಮಾಲೆ ಇನ್ನೊಂದರದ್ದಲ್ಲ. ಯುನೈಟೆಡ್‌ನಲ್ಲಿ ‘ಪಿ’ ಎಂದರೆ ರಿಯಾಯಿತಿಯ ಬಿಸಿನೆಸ್ ಕ್ಲಾಸ್. ಸಿಂಗಪುರ ಏರ್‌ಲೈನ್ಸ್‌ನಲ್ಲಿ ಅದೇ ‘ಪಿ’ ಪ್ರೀಮಿಯಂ ಎಕಾನಮಿ. ಸಿಂಗಪುರದಲ್ಲಿ ‘ಎಸ್’, ‘ಟಿ’, ‘ಎಲ್’ ಕೂಡ ಪ್ರೀಮಿಯಂ ಎಕಾನಮಿಯವೇ; ಯುನೈಟೆಡ್‌ನಲ್ಲಿ ಅವು ಅಗ್ಗದ ಎಕಾನಮಿ. ಬ್ರಿಟಿಷ್ ಏರ್‌ವೇಸ್‌ನ ‘ಡಬ್ಲ್ಯೂ’ ಪ್ರೀಮಿಯಂ ಎಕಾನಮಿಯಾದರೆ ಯುನೈಟೆಡ್‌ನ ‘ಡಬ್ಲ್ಯೂ’ ಮಾಮೂಲು ಎಕಾನಮಿ. ಒಂದು ಊರಿನ ಸೇರು ಇನ್ನೊಂದು ಊರಿನಲ್ಲಿ ಪಾವಾಗುವ ಸಂತೆಯಿದು. ಇಲ್ಲಿ ಗಿರಾಕಿಗೆ ಅಳತೆ ತಿಳಿಯುವುದಾದರೂ ಹೇಗೆ?

ಇದರ ಮೇಲೆ ಕೋಡ್‌ಶೇರ್ ಬೇರೆ. ಬೆಂಗಳೂರಿನಿಂದ ಫ್ರಾಂಕ್‌ಫರ್ಟ್ ಮೂಲಕ ಸ್ಯಾನ್ ಫ್ರಾನ್ಸಿಸ್ಕೋಗೆ ಹೋಗುವವರ ಟಿಕೆಟ್ಟಿನಲ್ಲಿ ಯುನೈಟೆಡ್‌ನ ಸಂಖ್ಯೆ ಇದ್ದು, ಹಾರುವ ವಿಮಾನ ಲುಫ್ತಾನ್ಸಾದ್ದು ಆಗಿರಬಹುದು. ಮೈಲಿ ಲೆಕ್ಕಕ್ಕೆ ಹಿಡಿಯಬೇಕಾದದ್ದು ಮಾರಿದವರ ಅಕ್ಷರವೋ ಹಾರಿಸಿದವರ ಅಕ್ಷರವೋ ಎಂಬುದಕ್ಕೆ ಒಂದೊಂದು ಯೋಜನೆಯ ನಿಯಮ ಒಂದೊಂದು.

2015ರಿಂದೀಚೆಗೆ ಮತ್ತೊಂದು ಪದರ ಸೇರಿತು. ಡೆಲ್ಟಾ ಮತ್ತು ಯುನೈಟೆಡ್ 2015ರಲ್ಲಿ, ಅಮೆರಿಕನ್ 2016ರಲ್ಲಿ, ಲುಫ್ತಾನ್ಸಾ ಗುಂಪು 2018ರಲ್ಲಿ ತಮ್ಮದೇ ವಿಮಾನಗಳಿಗೆ ದೂರದ ಲೆಕ್ಕ ಬಿಟ್ಟು ಕೊಟ್ಟ ಹಣದ ಲೆಕ್ಕಕ್ಕೆ ಹೋದವು. ಪಾಲುದಾರ ವಿಮಾನಗಳಿಗೆ ಮಾತ್ರ ದೂರ ಮತ್ತು ಅಕ್ಷರದ ಹಳೆಯ ಲೆಕ್ಕ ಹೆಚ್ಚಾಗಿ ಉಳಿಯಿತು. ಯುನೈಟೆಡ್ ಯೋಜನೆಯಲ್ಲಂತೂ ಟಿಕೆಟ್ ಕೊಟ್ಟವರು ಯಾರು ಎಂಬುದೇ ಮುಖ್ಯ. ಟಿಕೆಟ್ ಸಂಖ್ಯೆಯ ಮೊದಲ ಮೂರು ಅಂಕಿ 016 ಇದ್ದರೆ ಅದು ಯುನೈಟೆಡ್ ಕೊಟ್ಟದ್ದು, ಮೈಲಿ ಹಣದ ಲೆಕ್ಕದಲ್ಲಿ. ಅದೇ ಲುಫ್ತಾನ್ಸಾ ಸೀಟಿನ ಟಿಕೆಟ್ 220ರಿಂದ ಶುರುವಾದರೆ ಲುಫ್ತಾನ್ಸಾ ಕೊಟ್ಟದ್ದು, ಮೈಲಿ ದೂರ ಮತ್ತು ಅಕ್ಷರದ ಲೆಕ್ಕದಲ್ಲಿ. ದೂರದ ಊರಿಗೆ ಅಗ್ಗದ ಟಿಕೆಟ್ ಸಿಕ್ಕಿ, ಅಕ್ಷರವೂ ಚೆನ್ನಾಗಿದ್ದರೆ ಎರಡನೆಯದೇ ಲಾಭ. ಸಣ್ಣ ದೂರಕ್ಕೆ ದುಬಾರಿ ದರ ತೆತ್ತವರಿಗೆ ಮೊದಲನೆಯದು. ಇದು ಗೊತ್ತಿರುವುದು ವರ್ಷಕ್ಕೆ ಇಪ್ಪತ್ತು ಬಾರಿ ಹಾರುವವರಿಗೆ.

ಗೊತ್ತಿಲ್ಲದವರು ಯಾರು? ಮಗಳು ಸ್ಟಟ್‌ಗಾರ್ಟ್‌ನಲ್ಲಿ, ಮಗ ಸನಿವೇಲ್‌ನಲ್ಲಿ ಇರುವ ಮೈಸೂರು, ಹುಬ್ಬಳ್ಳಿ, ಮಂಗಳೂರಿನ ಅಪ್ಪ ಅಮ್ಮಂದಿರು. ವರ್ಷ ಬಿಟ್ಟು ವರ್ಷ ಬಾಣಂತನಕ್ಕೋ ಮೊಮ್ಮಗುವನ್ನು ನೋಡಿಕೊಳ್ಳಲೋ ದೇವನಹಳ್ಳಿಯಿಂದ ವಿಮಾನ ಹತ್ತುವವರು. ಬೆಂಗಳೂರು–ಸ್ಯಾನ್ ಫ್ರಾನ್ಸಿಸ್ಕೋ ನಡುವೆ ಏರ್ ಇಂಡಿಯಾ 2021ರ ಜನವರಿಯಲ್ಲಿ ನೇರ ವಿಮಾನ ಆರಂಭಿಸಿದಾಗ ಪ್ರಕಟವಾದ ದೂರ 13,993 ಕಿಲೋಮೀಟರ್. ಹೋಗಿ ಬಂದರೆ ಹದಿನೇಳು ಸಾವಿರ ಮೈಲಿ ದಾಟುತ್ತದೆ. ಟಿಕೆಟ್ ತೆಗೆದವರು ಮಕ್ಕಳು, ಅದೂ ನಾಲ್ಕು ಸಂಸ್ಥೆಗಳ ದರ ಒಟ್ಟಿಗೆ ತೋರಿಸುವ ಯಾವುದೋ ಆ್ಯಪಿನಲ್ಲಿ. ಅಲ್ಲಿ ‘ಎಕಾನಮಿ’ ಎಂಬ ಒಂದೇ ಮಾತು ಎದ್ದು ಕಾಣುತ್ತದೆ. ಅಕ್ಷರ ತಿಳಿಯುವುದು ಹಣ ಹೋದ ಮೇಲೆ, ಇ-ಟಿಕೆಟ್ ಮಿಂಚಂಚೆಗೆ ಬಂದಾಗ. ಮೊಣಕಾಲು ನೋವಿನ ಹಿರಿಯರಿಗೆ ಒಂದು ಮೇಲ್ದರ್ಜೆಯ ಸೀಟೋ ಲೌಂಜಿನಲ್ಲಿ ಎರಡು ತಾಸಿನ ವಿಶ್ರಾಂತಿಯೋ ಸಿಗಬಹುದಾಗಿದ್ದ ಮೈಲಿಗಳು ಹೀಗೆ ಸೋರಿಹೋಗುತ್ತವೆ.

ಲೌಂಜಿನ ಮಾತು ಸಣ್ಣದಲ್ಲ. ಕ್ರಿಸ್‌ಫ್ಲೈಯರ್‌ನಲ್ಲಿ ಹನ್ನೆರಡು ತಿಂಗಳಲ್ಲಿ 50,000 ಎಲೀಟ್ ಮೈಲಿ ಕೂಡಿದರೆ ಗೋಲ್ಡ್ ದರ್ಜೆ. ಅದರ ಜೊತೆಗೆ ಸ್ಟಾರ್ ಅಲೈಯನ್ಸ್ ಗೋಲ್ಡ್ ಬರುತ್ತದೆ: ಕೂಟದ ವಿಮಾನಗಳಲ್ಲಿ ಹೆಚ್ಚುವರಿ ಸಾಮಾನು, ಮೊದಲು ಹತ್ತುವ ಅವಕಾಶ, ಲೌಂಜ್ ಪ್ರವೇಶ. ಕೆಲಸದ ಮೇಲೆ ಯೂರೋಪಿಗೆ ಓಡಾಡುವ ಬೆಂಗಳೂರಿನ ಎಂಜಿನಿಯರ್ ಒಬ್ಬರು ನೂರರ ಅಕ್ಷರದಲ್ಲಿ ಹಾರಿದರೆ ಫ್ರಾಂಕ್‌ಫರ್ಟ್‌ಗೆ ಆರು ಬಾರಿ ಹೋಗಿ ಬರುವಷ್ಟರಲ್ಲಿ ಆ ಗೆರೆ ದಾಟಿರುತ್ತಾರೆ. ಇಪ್ಪತ್ತೈದರ ಅಕ್ಷರದಲ್ಲಾದರೆ ಇಪ್ಪತ್ತೆರಡು ಬಾರಿ ಬೇಕು.

ಮೈಲಿ ಎನ್ನುವುದು ಬಹುಮಾನ, ದಾನದ ಹಸುವಿನ ಹಲ್ಲು ಎಣಿಸಬಾರದು ಎಂದು ವಾದಿಸುವವರಿದ್ದಾರೆ. ಸಂಸ್ಥೆಗಳ ಲೆಕ್ಕಪತ್ರ ಆ ಮಾತನ್ನು ಒಪ್ಪುವುದಿಲ್ಲ. ಕೋವಿಡ್ ಬಂದು ವಿಮಾನಗಳು ನೆಲಹಿಡಿದಾಗ, 2020ರಲ್ಲಿ, ಯುನೈಟೆಡ್ ತನ್ನ ಮೈಲೇಜ್‌ಪ್ಲಸ್ ಯೋಜನೆಯನ್ನೇ ಅಡವಿಟ್ಟು 680 ಕೋಟಿ ಡಾಲರ್ ಸಾಲ ಎತ್ತಿತು. ಆ ಯೋಜನೆಗೆ ಕಟ್ಟಿದ ಬೆಲೆ ಸುಮಾರು 2,190 ಕೋಟಿ ಡಾಲರ್. ಮರುವರ್ಷ ಅಮೆರಿಕನ್ ತನ್ನ ಆಡ್ವಾಂಟೇಜ್ ಯೋಜನೆಯ ಮೇಲೆ 1,000 ಕೋಟಿ ಡಾಲರ್ ಪಡೆಯಿತು. ಅಡವಿಡಬಹುದಾದ ಆಸ್ತಿಯನ್ನು ದಾನ ಎನ್ನಲಾಗದು. ಕ್ರೆಡಿಟ್ ಕಾರ್ಡ್ ಮಾರುವ ಬ್ಯಾಂಕುಗಳು ಇದೇ ಮೈಲಿಗಳನ್ನು ರೊಕ್ಕ ಕೊಟ್ಟು ಕೊಳ್ಳುತ್ತವೆ.

ಗಿರಾಕಿಗೆ ಮಾತ್ರ ಅವುಗಳ ಮೇಲೆ ಹಕ್ಕು ತೀರ ತೆಳುವು. ಮಿನಿಸೋಟದ ಒಬ್ಬ ರಬ್ಬಿಯನ್ನು ನಾರ್ತ್‌ವೆಸ್ಟ್ ಸಂಸ್ಥೆ ತನ್ನ ಯೋಜನೆಯಿಂದ ಹೊರಹಾಕಿದ ಪ್ರಕರಣ ಅಮೆರಿಕದ ಸುಪ್ರೀಂ ಕೋರ್ಟಿನವರೆಗೆ ಹೋಗಿತ್ತು. ಸಂಸ್ಥೆ ಸದ್ಭಾವನೆಯಿಂದ ನಡೆದುಕೊಂಡಿಲ್ಲ ಎಂಬ ಅವರ ದೂರಿಗೆ 1978ರ ವಿಮಾನಯಾನ ಕಾಯ್ದೆ ಅಡ್ಡ ಬರುತ್ತದೆ ಎಂದು ನ್ಯಾಯಾಲಯ 2014ರಲ್ಲಿ ಸರ್ವಾನುಮತದಿಂದ ತೀರ್ಪಿತ್ತಿತು. ಹತ್ತು ವರ್ಷದ ಮೇಲೆ, 2024ರ ಸೆಪ್ಟೆಂಬರಿನಲ್ಲಿ, ಅಲ್ಲಿನ ಸಾರಿಗೆ ಇಲಾಖೆ ಅಮೆರಿಕನ್, ಡೆಲ್ಟಾ, ಸೌತ್‌ವೆಸ್ಟ್, ಯುನೈಟೆಡ್ ನಾಲ್ಕಕ್ಕೂ ಪತ್ರ ಬರೆದು ಪಾಯಿಂಟುಗಳ ಬೆಲೆ, ನಿಯಮ ಬದಲಾವಣೆ, ಪಾರದರ್ಶಕತೆಯ ವಿವರ ಕೇಳಿತು. ಅಷ್ಟಾದರೂ ಆಯಿತು.

ಭಾರತದಲ್ಲಿ ಆ ಮಟ್ಟದ ಪ್ರಶ್ನೆ ಕೇಳಲು ಕಾಲ ಕೂಡಿಬಂದಿದೆ. ವಿಸ್ತಾರಾ 2024ರ ನವೆಂಬರಿನಲ್ಲಿ ಏರ್ ಇಂಡಿಯಾದೊಳಗೆ ಕರಗಿತು, ಅದರ ಸದಸ್ಯರ ಪಾಯಿಂಟುಗಳು ಹೊಸ ಖಾತೆಗೆ ಬಂದವು. ಅದೇ ವರ್ಷ ಇಂಡಿಗೋ ಕೂಡ ಬ್ಲೂಚಿಪ್ ಎಂಬ ಯೋಜನೆ ಘೋಷಿಸಿತು. ವಿದೇಶಿ ಸಂಸ್ಥೆಗಳೊಂದಿಗೆ ಅದರ ಕೋಡ್‌ಶೇರ್ ಒಪ್ಪಂದಗಳೂ ಇವೆ. ಲಕ್ಷಾಂತರ ಹೊಸಬರು ಈ ಲೆಕ್ಕದೊಳಗೆ ಬರುತ್ತಿದ್ದಾರೆ. ಐದು ರೂಪಾಯಿಯ ಬಿಸ್ಕತ್ತಿನ ಪೊಟ್ಟಣದ ಮೇಲೂ ಎಷ್ಟು ಗ್ರಾಂ ಎಂದು ಅಚ್ಚುಹಾಕಿಸುವ ದೇಶವಿದು. 2011ರ ಪೊಟ್ಟಣ ಸಾಮಗ್ರಿ ನಿಯಮಗಳು ಅದನ್ನು ಕಡ್ಡಾಯ ಮಾಡಿವೆ. ಲಕ್ಷ ರೂಪಾಯಿಯ ಟಿಕೆಟ್ಟಿಗೆ ಅಷ್ಟಾದರೂ ಬೇಡವೇ? ಹಣ ಕಟ್ಟುವ ಪುಟದಲ್ಲಿ ಪ್ರತಿ ಹಂತದ ಅಕ್ಷರ, ಟಿಕೆಟ್ ಕೊಡುವ ಸಂಸ್ಥೆ, ಪ್ರಯಾಣಿಕ ಹೇಳಿದ ಖಾತೆಗೆ ಬೀಳುವ ಮೈಲಿ, ಈ ಮೂರನ್ನು ದರದ ಪಕ್ಕದಲ್ಲೇ ತೋರಿಸಬೇಕೆಂದು ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ ಆದೇಶಿಸಬೇಕು. ಟಿಕೆಟ್ ಮಾರುವ ಆ್ಯಪುಗಳಿಗೂ ಅದು ಅನ್ವಯಿಸಬೇಕು. ಅಕ್ಷರ ಗೊತ್ತಾಗದೆ ಯಾವ ಗಣಕವೂ ದರ ಹೇಳಲಾರದು. ಅಂದರೆ ಮಾಹಿತಿ ಅಲ್ಲೇ ಇದೆ, ಪರದೆಗೆ ತರಬೇಕಷ್ಟೆ.

ಅಲ್ಲಿಯವರೆಗೆ ಹಿರಿಯರಿಗೆ ಟಿಕೆಟ್ ತೆಗೆಯುವ ಮಕ್ಕಳು ಮಾಡಬಹುದಾದ ಕೆಲಸ ಅರ್ಧ ತಾಸಿನದು. ಮೊದಲು ಅಪ್ಪ ಅಮ್ಮನ ಹೆಸರಿನಲ್ಲಿ ಒಂದು ಖಾತೆ, ಅದಕ್ಕೆ ಶುಲ್ಕವಿರುವುದಿಲ್ಲ. ಪಾಸ್‌ಪೋರ್ಟಿನಲ್ಲಿ ಇದ್ದಂತೆಯೇ ಹೆಸರು ಇರಲಿ, ಇನಿಷಿಯಲ್ ಹಿಂದುಮುಂದಾದರೆ ಮೈಲಿ ಸೇರದೆ ಹೋಗಬಹುದು. ಆ್ಯಪಿನಲ್ಲಿ ಅಗ್ಗದ ದರ ಕಂಡ ಮೇಲೆ ಅದೇ ವಿಮಾನವನ್ನು ಸಂಸ್ಥೆಯ ಸ್ವಂತ ಜಾಲತಾಣದಲ್ಲಿ ತೆರೆದು ಅಕ್ಷರ ಹುಡುಕಬೇಕು, ಎರಡು ಮೂರು ಯೋಜನೆಗಳ ಪಟ್ಟಿಯಲ್ಲಿ ಆ ಅಕ್ಷರಕ್ಕೆ ಎಷ್ಟೆಂದು ನೋಡಬೇಕು. ಒಂದು ಪ್ರಯಾಣದ ಮೈಲಿ ಒಂದೇ ಖಾತೆಗೆ ಹೋಗುತ್ತದೆ, ಆಮೇಲೆ ಬದಲಿಸಲು ಬರುವುದಿಲ್ಲ. ಅಪ್ಪ ಅಮ್ಮ ಊರಿಗೆ ವಾಪಸಾದ ಮೇಲೂ, ಮೈಲಿ ಖಾತೆಗೆ ಬೀಳುವವರೆಗೆ ಬೋರ್ಡಿಂಗ್ ಪಾಸಿನ ತುಂಡುಗಳನ್ನು ಎಸೆಯದಂತೆ ಫೋನಿನಲ್ಲಿ ಹೇಳಿಬಿಡಬೇಕು. ಮೈಲಿ ಬಾರದೆ ಅರ್ಜಿ ಹಾಕಬೇಕಾಗಿ ಬಂದರೆ ಕೇಳುವುದು ಆ ತುಂಡನ್ನು ಮತ್ತು ಹದಿಮೂರು ಅಂಕಿಯ ಟಿಕೆಟ್ ಸಂಖ್ಯೆಯನ್ನು.